ಲಿಸ್ಟ್‌ನಲ್ಲಿ ಸಂಖ್ಯೆಗಳ ನಡುವೆ ಸ್ಟ್ರಿಂಗ್ ಸೇರಿಕೊಂಡಾಗ: ಪೈಥಾನ್‌ನಲ್ಲಿ ಹುಡುಕುವುದು, ತಡೆಯುವುದು

ತಿಂಗಳ ಅತಿ ಹೆಚ್ಚು ದರ ಎಷ್ಟು ಅಂತ ಕೇಳಿದರೆ ಪ್ರೋಗ್ರಾಂ 960 ಅನ್ನುತ್ತದೆ. ಅಂಗಡಿಯ ಲೆಕ್ಕದ ಪುಸ್ತಕ ತೆರೆದರೆ 1250 ಅಂತ ದೊಡ್ಡದಾಗಿ ಬರೆದಿದೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಪ್ರೋಗ್ರಾಂ ಆರಾಮಾಗಿ ಓಡಿ ಮುಗಿಯುತ್ತದೆ. ನಿಮ್ಮಲ್ಲೂ ಹೀಗೆ ಆಗುತ್ತಿದ್ದರೆ ಲೆಕ್ಕದ ಸೂತ್ರವನ್ನು ಕೆದಕುತ್ತಾ ಕೂರಬೇಡಿ. ಮೊದಲು ಲಿಸ್ಟ್‌ನ ಒಳಗೆ ಯಾವ ಟೈಪ್‌ನ (ಸಂಖ್ಯೆಯೋ, ಪಠ್ಯವೋ) ಎಲಿಮೆಂಟ್‌ಗಳಿವೆ ಅಂತ ನೋಡಿ.

ಉದಾಹರಣೆಗೆ ಇಟ್ಟುಕೊಂಡಿರುವುದು ಶಂಕರಪುರ ಮಲ್ಲಿಗೆಯ ದರ. ಕಟಪಾಡಿ ಕಡೆಯ ಹೂವಿನ ಅಂಗಡಿಯೊಂದಕ್ಕೆ ಬರೆದ ಸಣ್ಣ ಪ್ರೋಗ್ರಾಂ ಅದು. ಉಡುಪಿಯವರಿಗೆ ಗೊತ್ತೇ ಇದೆ, ಮಲ್ಲಿಗೆಗೆ ದಿನಕ್ಕೊಂದು ದರ, ಅದೂ ಅಟ್ಟೆಗೆ ಇಷ್ಟು ಅಂತ. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂಗಡಿಯ ಹುಡುಗರು ದಿನದ ದರವನ್ನು ಫೋನ್‌ನಲ್ಲಿ ಟೈಪ್ ಮಾಡುತ್ತಾರೆ, ಹಳೆಯ ದರಗಳು ಎಕ್ಸೆಲ್ ಶೀಟ್‌ನಿಂದ ಬರುತ್ತವೆ, ಎರಡೂ ಒಂದೇ ಲಿಸ್ಟ್‌ಗೆ ಸೇರುತ್ತವೆ. ಪೈಥಾನ್ 3 ರಲ್ಲಿ ವೇರಿಯೇಬಲ್‌ಗೆ ಕನ್ನಡದ ಹೆಸರು ಕೊಡಬಹುದು, ಹಾಗಾಗಿ ಲಿಸ್ಟ್‌ನ ಹೆಸರು "ದರಗಳು" ಅಂತಲೇ ಇರಲಿ.

ದರಗಳು = ['850', '960', '1250', '1020']

ಇದಕ್ಕೆ ಮ್ಯಾಕ್ಸ್ (ಅತಿ ದೊಡ್ಡದನ್ನು ಕೊಡುವ ಫಂಕ್ಷನ್) ಹಾಕಿದರೆ ಬರುವುದು '960'. ಕೊಟೇಶನ್ ಒಳಗೆ ಇರುವುದು ಪೈಥಾನ್‌ಗೆ ಸಂಖ್ಯೆಯಲ್ಲ, ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು. ಸ್ಟ್ರಿಂಗ್‌ಗಳನ್ನು ಹೋಲಿಸುವಾಗ ಪೈಥಾನ್ ಬೆಲೆ ನೋಡುವುದಿಲ್ಲ, ಅಕ್ಷರಕ್ಕೆ ಅಕ್ಷರ ಇಟ್ಟು ಅವುಗಳ ಯೂನಿಕೋಡ್ ಸಂಖ್ಯೆಯನ್ನು ನೋಡುತ್ತದೆ. '9' ರ ಸಂಖ್ಯೆ 57, '1' ರದ್ದು 49. ಮೊದಲ ಅಕ್ಷರದಲ್ಲೇ 960 ಗೆದ್ದಾಯಿತು.

ಈ ದೋಷ ಇಷ್ಟು ದಿನ ಯಾಕೆ ಕಾಣಲಿಲ್ಲ ಅಂತ ಕೇಳಿದರೆ ಉತ್ತರ ಹೂವಿನ ಮಾರುಕಟ್ಟೆಯಲ್ಲೇ ಉಂಟು. ಆಟಿ ತಿಂಗಳಲ್ಲಿ ಶುಭಕಾರ್ಯ ಇಲ್ಲ, ದರ ಇಳಿದಿರುತ್ತದೆ. ಲಿಸ್ಟ್‌ನಲ್ಲಿ ಎಲ್ಲವೂ ಮೂರಂಕಿಯೇ ಆಗಿದ್ದರೆ ಸ್ಟ್ರಿಂಗ್ ಹೋಲಿಕೆಯೂ ಸಂಖ್ಯೆಯ ಹೋಲಿಕೆಯೂ ಒಂದೇ ಉತ್ತರ ಕೊಡುತ್ತವೆ. ಮದುವೆ ಸೀಸನ್‌ನಲ್ಲಿ ದರ ಸಾವಿರ ದಾಟಿದ ದಿನ ಎಡವಟ್ಟಾಗುತ್ತದೆ. ನಿಮ್ಮ ಡೇಟಾದಲ್ಲೂ ಅಂಕಿಗಳ ಸಂಖ್ಯೆ ಬದಲಾಗುವ ಜಾಗ ಎಲ್ಲಿದೆ ಅಂತ ನೋಡಿ: 99 ರಿಂದ 100, 999 ರಿಂದ 1000. ಟೆಸ್ಟ್ ಬರೆಯುವಾಗ ಆ ಗೆರೆಯ ಎರಡೂ ಕಡೆಯ ಬೆಲೆ ಹಾಕದಿದ್ದರೆ ಈ ದೋಷ ಟೆಸ್ಟ್‌ನಲ್ಲಿ ಸಿಕ್ಕುವುದೇ ಇಲ್ಲ.

ಬೇರೆ ಲಕ್ಷಣಗಳೂ ಇವೆ. '1250' ನ್ನು 3 ಅಟ್ಟೆಯಿಂದ ಗುಣಿಸಿದರೆ ಬಿಲ್‌ನಲ್ಲಿ 125012501250 ಬರುತ್ತದೆ, ಯಾಕೆಂದರೆ ಸ್ಟ್ರಿಂಗ್‌ಗೆ ಗುಣಾಕಾರ ಅಂದರೆ ಮತ್ತೆ ಮತ್ತೆ ಬರೆಯುವುದು. ಅದೇ 2.5 ಅಟ್ಟೆ ಅಂದರೆ ಟೈಪ್‌ಎರರ್. ಸಮ್ ಹಾಕಿದರೂ ಟೈಪ್‌ಎರರ್, ಅದು ಸೊನ್ನೆಯಿಂದ ಕೂಡಲು ಶುರು ಮಾಡುತ್ತದಲ್ವಾ, ಸೊನ್ನೆಗೂ ಸ್ಟ್ರಿಂಗ್‌ಗೂ ಕೂಡುವಿಕೆ ಇಲ್ಲ. ಲಿಸ್ಟ್‌ನಲ್ಲಿ ಕೆಲವು ಇಂಟ್ (ಪೂರ್ಣಾಂಕ), ಕೆಲವು ಸ್ಟ್ರಿಂಗ್ ಇದ್ದರೆ ಮ್ಯಾಕ್ಸ್ ಮತ್ತು ಸಾರ್ಟ್ ಕೂಡ ಟೈಪ್‌ಎರರ್ ಕೊಟ್ಟು ನಿಲ್ಲುತ್ತವೆ. ಎರರ್ ಬಂದರೆ ಪುಣ್ಯ. ಎಲ್ಲವೂ ಸ್ಟ್ರಿಂಗ್ ಆಗಿದ್ದಾಗಲೇ ಜಾಸ್ತಿ ಅಪಾಯ.

ಮೊದಲ ಪರೀಕ್ಷೆ: ಟೈಪ್‌ಗಳನ್ನು ಎಣಿಸಿ

ಲಿಸ್ಟ್‌ನ ಒಂದೊಂದೇ ಎಲಿಮೆಂಟ್ ತೆಗೆದು ಪ್ರಿಂಟ್ ಮಾಡಿದರೆ ಏನೂ ತಿಳಿಯುವುದಿಲ್ಲ. ಪ್ರಿಂಟ್ ಮಾಡಿದಾಗ 1250 ಕೂ '1250' ಕೂ ವ್ಯತ್ಯಾಸ ಕಾಣುವುದಿಲ್ಲ. ಕಲೆಕ್ಷನ್ಸ್ ಮಾಡ್ಯೂಲ್‌ನ ಕೌಂಟರ್ ತಂದು, ಪ್ರತಿ ಎಲಿಮೆಂಟ್‌ನ ಟೈಪ್‌ನ ಹೆಸರನ್ನು ಅದಕ್ಕೆ ಕೊಡಿ. ಒಂದೇ ಸಾಲಿನ ಕೆಲಸ. ಇಂಟ್ 24, ಸ್ಟ್ರಿಂಗ್ 5, ನನ್ (None, ಅಂದರೆ ಖಾಲಿ) 1 ಅನ್ನುವ ಥರ ಉತ್ತರ ಬರುತ್ತದೆ. ಸಾವಿರಾರು ಎಲಿಮೆಂಟ್ ಇದ್ದರೂ ಇಷ್ಟೇ. ಆಮೇಲೆ ಎನ್ಯುಮರೇಟ್ ಹಾಕಿ, ಇಂಟ್ ಅಲ್ಲದ್ದರ ಜಾಗದ ಸಂಖ್ಯೆ ಮತ್ತು ಅದರ ರೆಪ್ರ್ (repr) ಎರಡನ್ನೂ ಪ್ರಿಂಟ್ ಮಾಡಿ. ರೆಪ್ರ್ ಬೇಕೇ ಬೇಕು. ಅದು ಕೊಟೇಶನ್ ಗುರುತನ್ನೂ ಕಣ್ಣಿಗೆ ಕಾಣದ ಅಕ್ಷರಗಳನ್ನೂ ತೋರಿಸುತ್ತದೆ.

ಎಕ್ಸೆಲ್ ಶೀಟನ್ನು ಓಪನ್‌ಪೈಎಕ್ಸೆಲ್ ಅನ್ನುವ ಲೈಬ್ರರಿಯಿಂದ ಓದುತ್ತಿದ್ದರೆ ಮಿಶ್ರಣ ಬರುವುದು ಸಹಜ: ಸಂಖ್ಯೆಯ ಸೆಲ್ ಇಂಟ್ ಅಥವಾ ಫ್ಲೋಟ್ ಆಗಿ, ಪಠ್ಯದ ಸೆಲ್ ಸ್ಟ್ರಿಂಗ್ ಆಗಿ, ಖಾಲಿ ಸೆಲ್ ನನ್ ಆಗಿ ಬರುತ್ತದೆ. ಸಿಎಸ್‌ವಿ ಮಾಡ್ಯೂಲ್‌ನಿಂದಾದರೆ ಮಾಮೂಲಿಯಾಗಿ ಎಲ್ಲವೂ ಸ್ಟ್ರಿಂಗ್. ಜೇಸನ್‌ನಲ್ಲಿ (ಪ್ರೋಗ್ರಾಂಗಳು ಡೇಟಾ ಕಳಿಸಿಕೊಳ್ಳುವ ಪಠ್ಯ ರೂಪ, JSON) ಕಳಿಸುವವರು ಕೊಟೇಶನ್ ಹಾಕಿದ್ದಾರೋ ಇಲ್ಲವೋ ಅನ್ನುವುದರ ಮೇಲೆ ನಿಂತಿದೆ. ಹಾಗಾಗಿ ಎಣಿಕೆ ನೋಡಿದರೆ ಯಾವ ದಾರಿಯಿಂದ ಬಂದಿದ್ದು ಅಂತ ಅರ್ಧ ಅಂದಾಜು ಸಿಗುತ್ತದೆ.

ಸಿಕ್ಕಿದ ಸ್ಟ್ರಿಂಗ್‌ಗಳು ಹೇಗಿರುತ್ತವೆ

ಇಲ್ಲಿ ಸ್ವಲ್ಪ ನಿಧಾನ ಮಾಡಬೇಕು. ಕನ್ನಡದಲ್ಲಿ ಟೈಪ್ ಮಾಡುವವರ ಡೇಟಾಕ್ಕೆ ಅದರದ್ದೇ ಆದ ತೊಂದರೆಗಳಿವೆ, ಹೊರಗಿನವರು ಬರೆದ ಕೈಪಿಡಿಗಳಲ್ಲಿ ಅವು ಸಿಗುವುದಿಲ್ಲ.

ಸುಲಭದ್ದು ಮೊದಲು. '1,250' ಮತ್ತು '1250/-' ಎರಡನ್ನೂ ಇಂಟ್ ಫಂಕ್ಷನ್ ಒಪ್ಪುವುದಿಲ್ಲ, ವ್ಯಾಲ್ಯೂಎರರ್ ಬರುತ್ತದೆ. '1250.0' ಕ್ಕೂ ಅದೇ ಗತಿ. ಹಿಂದೆ ಮುಂದೆ ಸ್ಪೇಸ್ ಇರುವ ' 1250 ' ಮಾತ್ರ ನಡೆಯುತ್ತದೆ, ಅಷ್ಟನ್ನು ಅದೇ ಕತ್ತರಿಸಿಕೊಳ್ಳುತ್ತದೆ. ಹೂವು ಬಾರದ ದಿನ 'ಇಲ್ಲ' ಅಂತ ಬರೆದಿರುತ್ತಾರೆ, ಅದರ ಬಗ್ಗೆ ಕೊನೆಗೆ ಹೇಳುತ್ತೇನೆ.

ಈಗ '೧೨೫೦'. ಪೈಥಾನ್‌ನ ಇಂಟ್ ಫಂಕ್ಷನ್ ಕನ್ನಡ ಅಂಕಿಗಳನ್ನು ಓದುತ್ತದೆ, ನೇರವಾಗಿ 1250 ಕೊಡುತ್ತದೆ. ಫ್ಲೋಟ್ ಕೂಡ ಓದುತ್ತದೆ. ತುಂಬಾ ಜನರಿಗೆ ಇದು ಗೊತ್ತಿಲ್ಲ. ಆದರೆ ಇಂಟ್‌ಗೆ ಹಾಕದೆ ಸ್ಟ್ರಿಂಗ್ ಆಗಿಯೇ ಬಿಟ್ಟರೆ ಮೊದಲಿನದಕ್ಕಿಂತ ದೊಡ್ಡ ಗೊಂದಲ: '೧' ರ ಯೂನಿಕೋಡ್ ಸಂಖ್ಯೆ 3303, '9' ರದ್ದು ಬರೀ 57, ಅಂದ ಮೇಲೆ ಕನ್ನಡದಲ್ಲಿ ಬರೆದ '೧೦೦' ಕೂಡ '960' ಕ್ಕಿಂತ ದೊಡ್ಡದಾಗಿಬಿಡುತ್ತದೆ. ಅದೇ ಡೇಟಾ ಜಾವಾಸ್ಕ್ರಿಪ್ಟ್‌ಗೆ ಹೋದರೆ ಅಲ್ಲಿನ ನಂಬರ್ ಫಂಕ್ಷನ್ ಕನ್ನಡ ಅಂಕಿಯನ್ನು ಓದುವುದಿಲ್ಲ, ನ್ಯಾನ್ (NaN, "ಸಂಖ್ಯೆ ಅಲ್ಲ" ಅನ್ನುವ ಗುರುತು) ಕೊಡುತ್ತದೆ. ಪಿಎಚ್‌ಪಿಯಲ್ಲಿ ಇಂಟ್‌ಗೆ ಬದಲಿಸಿದರೆ ಸೊನ್ನೆ ಬರುತ್ತದೆ. ಹಿಂದಿನ ಕೋಡ್ ಪೈಥಾನ್‌ನಲ್ಲಿ, ಮುಂದಿನ ಪುಟ ಜಾವಾಸ್ಕ್ರಿಪ್ಟ್‌ನಲ್ಲಿ ಇದ್ದರೆ ಒಂದೇ ದರ ಎರಡು ಕಡೆ ಎರಡು ಥರ ಕಾಣುತ್ತದೆ.

ಇದಕ್ಕಿಂತ ಕಷ್ಟದ್ದು ಸೊನ್ನೆ ಮತ್ತು ಅನುಸ್ವಾರ. ೦ ಅನ್ನುವ ಸೊನ್ನೆಯ ಬದಲು ಅಂ ಅಕ್ಷರದ ಬಿಂದು ಒತ್ತಿರುತ್ತಾರೆ. ಎಷ್ಟೋ ಫಾಂಟ್‌ಗಳಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ. ಎರಡೂ ಕಾಣುವ ಅಕ್ಷರಗಳೇ ಆದ್ದರಿಂದ ಇಲ್ಲಿ ರೆಪ್ರ್ ಕೂಡ ಸಹಾಯ ಮಾಡುವುದಿಲ್ಲ. ಸ್ಟ್ರಿಂಗ್‌ನ ಪ್ರತಿ ಅಕ್ಷರಕ್ಕೂ ಆರ್ಡ್ ಫಂಕ್ಷನ್ ಹಾಕಿ ನೋಡಿ. ಸೊನ್ನೆಯಾದರೆ 3302, ಅನುಸ್ವಾರವಾದರೆ 3202. ಇಂಟ್ ಫಂಕ್ಷನ್ "ಇದು ಸಂಖ್ಯೆ ಅಲ್ಲ" ಅಂತ ಹಠ ಹಿಡಿದು, ನಿಮ್ಮ ಕಣ್ಣಿಗೆ ಮಾತ್ರ ಸರಿಯಾಗಿಯೇ ಕಾಣುತ್ತಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಎರಡನೇ ಅನುಮಾನ 8204 ರ ಮೇಲೆ. ಕನ್ನಡದಲ್ಲಿ ಅರ್ಧಾಕ್ಷರ ಬಿಡಿಸಿ ಬರೆಯಲು ಬಳಸುವ, ಅಗಲವೇ ಇಲ್ಲದ ಅಕ್ಷರ ಅದು. ಕೀಬೋರ್ಡ್‌ನಿಂದ ಅಂಕಿಯ ಹಿಂದೆಯೋ ಮುಂದೆಯೋ ಅಂಟಿಕೊಂಡು ಬರುತ್ತದೆ. ಸ್ಪೇಸ್ ಕತ್ತರಿಸುವ ಸ್ಟ್ರಿಪ್ ಅದನ್ನು ತೆಗೆಯುವುದಿಲ್ಲ, ಯಾಕೆಂದರೆ ಯೂನಿಕೋಡ್ ಲೆಕ್ಕದಲ್ಲಿ ಅದು ಸ್ಪೇಸ್ ಅಲ್ಲ. ಇದನ್ನು ರೆಪ್ರ್ ತೋರಿಸುತ್ತದೆ.

ಸ್ಟ್ರಿಂಗ್ ಅಲ್ಲದ ಆದರೂ ತೊಂದರೆ ಕೊಡುವ ಎರಡನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಪೈಥಾನ್‌ನಲ್ಲಿ ಟ್ರೂ, ಫಾಲ್ಸ್ ಕೂಡ ಇಂಟ್‌ನ ಮರಿ ಟೈಪ್. ಟೈಪ್ ಕೇಳುವ ಐಸ್‌ಇನ್‌ಸ್ಟನ್ಸ್ (isinstance) ಫಂಕ್ಷನ್‌ನಿಂದ ಇಂಟ್ ಹೌದಾ ಅಂತ ಕೇಳಿದರೆ ಟ್ರೂ ಕೂಡ ಪಾಸಾಗುತ್ತದೆ, ಮೊತ್ತಕ್ಕೆ 1 ಸೇರುತ್ತದೆ. ಅದು ಬೇಡವಾದರೆ ಬೂಲ್ ಅಲ್ಲ ಅಂತ ಬೇರೆಯಾಗಿ ನೋಡಬೇಕು. ಇನ್ನೊಂದು ನ್ಯಾನ್. ಅದರ ಟೈಪ್ ಫ್ಲೋಟ್, ಹಾಗಾಗಿ ಟೈಪ್ ಪರೀಕ್ಷೆಯಲ್ಲಿ ಸಿಗುವುದಿಲ್ಲ. ಅದು ಲಿಸ್ಟ್‌ನ ಮೊದಲಿಗಿದ್ದರೆ ಮ್ಯಾಕ್ಸ್ ನ್ಯಾನ್ ಕೊಡುತ್ತದೆ, ನಡುವೆ ಇದ್ದರೆ ಸರಿಯಾದ ಉತ್ತರವೇ ಬರುತ್ತದೆ. ಲಿಸ್ಟ್‌ನ ಕ್ರಮ ಬದಲಾದರೆ ಉತ್ತರ ಬದಲಾಗುತ್ತಿದೆ ಅಂದರೆ ಮ್ಯಾತ್ ಮಾಡ್ಯೂಲ್‌ನ ಐಸ್‌ಫೈನೈಟ್ ಹಾಕಿ ನೋಡಿ.

"ಇಂಟ್‌ಗಳ ಲಿಸ್ಟ್ ಅಂತ ಬರೆದಿದ್ದೆನಲ್ಲ?"

ಟೈಪ್ ಹಿಂಟ್, ಅಂದರೆ ಯಾವ ಟೈಪ್ ಬರಬೇಕು ಅಂತ ಕೋಡ್‌ನಲ್ಲೇ ಬರೆಯುವ ಸೂಚನೆ, ಅದರ ಬಗ್ಗೆ ಈ ಪ್ರಶ್ನೆ ಪ್ರತಿ ಸಲ ಬರುತ್ತದೆ. ಪೈಥಾನ್ 3.5 ರಲ್ಲಿ, ಅಂದರೆ 2015 ರಲ್ಲಿ, ಟೈಪ್ ಹಿಂಟ್ ಬಂತು. 2020 ರಲ್ಲಿ ಬಂದ 3.9 ರಿಂದ ಲಿಸ್ಟ್ ಅಂತ ಬರೆದು ಚೌಕ ಬ್ರಾಕೆಟ್‌ನಲ್ಲಿ ಇಂಟ್ ಅಂತ ಹಾಕಬಹುದು. ಆದರೆ ಪ್ರೋಗ್ರಾಂ ಓಡುವಾಗ ಪೈಥಾನ್ ಅದನ್ನು ಜಾರಿ ಮಾಡುವುದಿಲ್ಲ. ಆ ಲಿಸ್ಟ್‌ಗೆ 'ಇಲ್ಲ' ಅಂತ ಅಪೆಂಡ್ ಮಾಡಿ (ಕೊನೆಗೆ ಸೇರಿಸಿ), ಒಂದು ಮಾತೂ ಆಡದೆ ತೆಗೆದುಕೊಳ್ಳುತ್ತದೆ. ಡೇಟಾಕ್ಲಾಸ್‌ನಲ್ಲಿ ಬರೆದರೂ ಅಷ್ಟೆ. ಹಿಂಟ್‌ನ್ನೇ ಐಸ್‌ಇನ್‌ಸ್ಟನ್ಸ್‌ಗೆ ಕೊಟ್ಟು "ಇದು ಇಂಟ್‌ಗಳ ಲಿಸ್ಟಾ" ಅಂತ ಕೇಳಿದರೆ ಟೈಪ್‌ಎರರ್ ಬರುತ್ತದೆ, ಆ ಪ್ರಶ್ನೆಯನ್ನೇ ಅದು ಒಪ್ಪುವುದಿಲ್ಲ. ಬರೀ ಲಿಸ್ಟಾ ಅಂತ ಕೇಳಬಹುದು, ಒಳಗೆ ಏನಿದೆ ಅಂತ ಒಂದೊಂದಾಗಿ ನೀವೇ ನೋಡಬೇಕು.

ಮೈಪೈ ಥರದ ಟೂಲ್ ಹಿಂಟ್‌ಗಳನ್ನು ಓದಿ ಕೋಡ್ ಓಡುವ ಮೊದಲೇ ತಪ್ಪು ತೋರಿಸುತ್ತದೆ. ಖಂಡಿತ ಬಳಸಿ, ನಿಮ್ಮ ಕೋಡ್‌ನಲ್ಲೇ ಯಾರಾದರೂ ಸ್ಟ್ರಿಂಗ್ ಸೇರಿಸುತ್ತಿದ್ದರೆ ಅದು ಹಿಡಿಯುತ್ತದೆ. ಆದರೆ ಜೇಸನ್ ಓದಿದಾಗ ಬರುವ ಡೇಟಾದ ಟೈಪ್ ಮೈಪೈ ಲೆಕ್ಕದಲ್ಲಿ "ಏನಾದರೂ ಆಗಬಹುದು". ಅಲ್ಲಿಂದ ಬಂದಿದ್ದನ್ನು ನೀವು ಇಂಟ್‌ಗಳ ಲಿಸ್ಟ್ ಅಂತ ಕರೆದರೆ ಅದು ನಂಬಿಬಿಡುತ್ತದೆ. ನಮ್ಮ ಉದಾಹರಣೆಯ ದೋಷ ಬಂದಿದ್ದು ಫೋನ್‌ನಿಂದ, ಕೋಡ್‌ನಿಂದಲ್ಲ.

ಓಡುವಾಗಲೇ ಪರೀಕ್ಷೆ ಮಾಡುವ ಲೈಬ್ರರಿಗಳಿವೆ, ಅವುಗಳ ಬಗ್ಗೆ ಒಂದು ವಿಷಯ ಗೊತ್ತಿರಲೇಬೇಕು. ವೇಗಕ್ಕೋಸ್ಕರ ಅವುಗಳಲ್ಲಿ ಕೆಲವು ಇಡೀ ಲಿಸ್ಟ್ ನೋಡುವುದಿಲ್ಲ. ಟೈಪ್‌ಗಾರ್ಡ್‌ನ 4 ನೇ ಆವೃತ್ತಿ ನೀವು ಬದಲಿಸದಿದ್ದರೆ ಮೊದಲ ಎಲಿಮೆಂಟ್ ಒಂದನ್ನೇ ನೋಡುತ್ತದೆ. ಬೇರ್‌ಟೈಪ್ ಪ್ರತಿ ಸಲ ಯಾವುದೋ ಒಂದನ್ನು ಆರಿಸಿ ನೋಡುತ್ತದೆ. ಹಾಗಾಗಿ 17 ನೇ ಜಾಗದಲ್ಲಿರುವ '೧೨೫೦' ಒಂದು ಸಲ ಸಿಕ್ಕಿಬೀಳುತ್ತದೆ, ಇನ್ನೊಂದು ಸಲ ಇಲ್ಲ. "ಒಮ್ಮೊಮ್ಮೆ ಮಾತ್ರ ಎರರ್ ಬರುತ್ತದೆ ಮಾರಾಯ್ರೆ" ಅಂತ ಯಾರಾದರೂ ಹೇಳಿದರೆ ಇದನ್ನೂ ನೋಡಿ.

ಯಾವ ಸಾಲು ಸೇರಿಸಿತು ಅಂತ ಹಿಡಿಯುವುದು

ತಪ್ಪು ಎಲಿಮೆಂಟ್ ಸಿಕ್ಕಿತು, ಆದರೆ ಲಿಸ್ಟ್‌ಗೆ ಬರೆಯುವ ಜಾಗಗಳು ಕೋಡ್‌ನಲ್ಲಿ ಹತ್ತಾರಿವೆ. ಆಗ ಆ ಲಿಸ್ಟ್‌ನ ಬದಲು ಕಾವಲು ಇರುವ ಲಿಸ್ಟ್ ಇಟ್ಟು ಪ್ರೋಗ್ರಾಂ ಓಡಿಸಿ. ತಪ್ಪು ಟೈಪ್ ಬಂದ ಕ್ಷಣವೇ ಅದು ಎರರ್ ಎಬ್ಬಿಸುತ್ತದೆ, ಟ್ರೇಸ್‌ಬ್ಯಾಕ್‌ನಲ್ಲಿ (ಎರರ್ ಜತೆ ಬರುವ ಸಾಲುಗಳ ಪಟ್ಟಿ) ಸೇರಿಸಿದ ಸಾಲೇ ಕಾಣುತ್ತದೆ. ದೋಷ ಕಂಡ ಜಾಗಕ್ಕೂ ದೋಷ ಹುಟ್ಟಿದ ಜಾಗಕ್ಕೂ ಇರುವ ದೂರ ಇದೊಂದರಲ್ಲೇ ಮುಗಿಯುತ್ತದೆ.

ಹೆಚ್ಚಿನವರು ಮಾಡುವುದು ಲಿಸ್ಟ್ ಕ್ಲಾಸ್‌ನಿಂದ ಹೊಸ ಕ್ಲಾಸ್ ಹುಟ್ಟಿಸಿ ಅಪೆಂಡ್ ಒಂದನ್ನು ಬದಲಿಸುವುದು. ಅದು ಸಾಲದು. ಎಕ್ಸ್‌ಟೆಂಡ್, ಇನ್ಸರ್ಟ್, +=, ಜಾಗದ ಸಂಖ್ಯೆ ಕೊಟ್ಟು ಬರೆಯುವುದು, ಮೊದಲಿಗೆ ಲಿಸ್ಟ್ ಕಟ್ಟುವುದು, ಇವು ಯಾವುವೂ ನಿಮ್ಮ ಅಪೆಂಡ್‌ನ್ನು ಕರೆಯುವುದಿಲ್ಲ. ಒಂದು ದಾರಿ ಮುಚ್ಚಿ ಐದು ತೆರೆದಿಟ್ಟ ಹಾಗೆ. ಅದರ ಬದಲು ಕಲೆಕ್ಷನ್ಸ್‌ನ ಎಬಿಸಿ ಮಾಡ್ಯೂಲ್‌ನಲ್ಲಿರುವ ಮ್ಯೂಟಬಲ್‌ಸೀಕ್ವೆನ್ಸ್‌ನಿಂದ ಶುರು ಮಾಡಿ, ಒಳಗೆ ಮಾಮೂಲಿ ಲಿಸ್ಟ್ ಒಂದನ್ನು ಇಟ್ಟುಕೊಳ್ಳಿ. ಅಲ್ಲಿ ನೀವು ಬರೆಯಬೇಕಾದ್ದು ಐದೇ ಕೆಲಸ: ಓದುವುದು, ಜಾಗದಲ್ಲಿ ಬರೆಯುವುದು, ಅಳಿಸುವುದು, ಉದ್ದ ಹೇಳುವುದು, ಇನ್ಸರ್ಟ್. ಅಪೆಂಡ್, ಎಕ್ಸ್‌ಟೆಂಡ್, += ಎಲ್ಲವೂ ಕೊನೆಗೆ ಇನ್ಸರ್ಟ್ ಮೂಲಕವೇ ಹೋಗುತ್ತವೆ. ಹಾಗಾಗಿ ಪರೀಕ್ಷೆ ಇನ್ಸರ್ಟ್‌ನಲ್ಲೂ, ಜಾಗದಲ್ಲಿ ಬರೆಯುವಲ್ಲೂ ಇದ್ದರೆ ಸಾಕು. ಲಿಸ್ಟ್‌ನ ಒಂದು ತುಂಡನ್ನೇ ಒಟ್ಟಿಗೆ ಬದಲಿಸುವಾಗ ಬರುವುದು ಒಂದು ಬೆಲೆಯಲ್ಲ, ಹಲವು. ಅಲ್ಲಿ ಪ್ರತಿಯೊಂದನ್ನೂ ನೋಡಬೇಕು, ಅದನ್ನು ಮರೆಯಬೇಡಿ. ಲಿಸ್ಟ್ ಕಟ್ಟುವಾಗಲೂ ಎಕ್ಸ್‌ಟೆಂಡ್ ಮೂಲಕವೇ ತುಂಬಿಸಿ. ಪರೀಕ್ಷೆಗೆ ಅಸರ್ಟ್ ಬಳಸಬೇಡಿ, ಪೈಥಾನ್‌ನ್ನು ಆಪ್ಟಿಮೈಸ್ ಆಯ್ಕೆ ಹಾಕಿ ಓಡಿಸಿದರೆ ಅಸರ್ಟ್‌ಗಳೆಲ್ಲ ಮಾಯ.

ಈ ಕ್ಲಾಸ್‌ನ್ನು ಶಾಶ್ವತವಾಗಿ ಇಟ್ಟುಕೊಳ್ಳಬೇಕಾ? ನನ್ನ ಅಭಿಪ್ರಾಯದಲ್ಲಿ ಹೆಚ್ಚಿನ ಕಡೆ ಬೇಡ. ಅದು ನಿಜವಾದ ಲಿಸ್ಟ್ ಅಲ್ಲ, ಜೇಸನ್‌ಗೆ ಬರೆಯಲು ಹೋದರೆ ಒಪ್ಪುವುದಿಲ್ಲ. ಪತ್ತೆಗೆ ಬಳಸಿ, ಸಾಲು ಸಿಕ್ಕ ಮೇಲೆ ತೆಗೆಯಿರಿ. ಹಲವು ಮಾಡ್ಯೂಲ್‌ಗಳು ದಿನವಿಡೀ ಒಂದೇ ಲಿಸ್ಟ್‌ಗೆ ಬರೆಯುತ್ತಿದ್ದರೆ ಮಾತ್ರ ಇರಲಿ.

ಸರಿಪಡಿಸುವುದು ಎಲ್ಲಿ

ಡೇಟಾ ಒಳಗೆ ಬರುವ ಜಾಗದಲ್ಲಿ, ಒಂದೇ ಸಲ. ಫೋನ್‌ನ ಫಾರ್ಮ್‌ಗೆ ಒಂದು, ಎಕ್ಸೆಲ್‌ಗೆ ಒಂದು, ಹೀಗೆ ಪ್ರತಿ ದಾರಿಯ ಬುಡದಲ್ಲಿ "ದರ ಓದು" ಅನ್ನುವ ಒಂದೇ ಫಂಕ್ಷನ್ ಕರೆಯಿರಿ. ಅದು ಕಾಮಾ, /-, ರೂಪಾಯಿ ಗುರುತು, ಕಾಣದ ಅಕ್ಷರ ತೆಗೆದು ಇಂಟ್ ಕೊಡಲಿ. ಆಗದಿದ್ದರೆ ಎರರ್ ಎಬ್ಬಿಸಲಿ, ಅದರಲ್ಲಿ ಎಷ್ಟನೇ ಸಾಲು ಮತ್ತು ಬಂದ ಬೆಲೆಯ ರೆಪ್ರ್ ಇರಲಿ. "ಟೈಪ್ ತಪ್ಪು" ಅಂತ ಸುಮ್ನೆ ಬರೆದರೆ ರಾತ್ರಿ ಹತ್ತಕ್ಕೆ ಫೋನ್ ಮಾಡುವ ಅಂಗಡಿಯವರಿಗೂ ಪ್ರಯೋಜನವಿಲ್ಲ, ನಿಮಗೂ ಇಲ್ಲ. ಅನುಸ್ವಾರವನ್ನು ಸೊನ್ನೆ ಅಂತ ತಾನೇ ತಿದ್ದಿಕೊಳ್ಳುವ ಕೋಡ್ ಬರೆಯಲು ಮನಸ್ಸಾಗುತ್ತದೆ, ಬರೆಯಬೇಡಿ. ದುಡ್ಡಿನ ವಿಷಯದಲ್ಲಿ ಊಹೆ ಬೇಡ, ಟೈಪ್ ಮಾಡಿದವರಿಗೇ ವಾಪಸ್ ತೋರಿಸಿ.

ಒಳಗಿನ ಪ್ರತಿ ಫಂಕ್ಷನ್‌ನಲ್ಲೂ ಇಡೀ ಲಿಸ್ಟ್ ಪರೀಕ್ಷಿಸುವುದು ದಂಡ. ಲಿಸ್ಟ್ ಎಷ್ಟು ಉದ್ದವೋ ಅಷ್ಟು ಕೆಲಸ ಪ್ರತಿ ಕರೆಗೂ ಬೀಳುತ್ತದೆ.

ಡೇಟಾ ಪರೀಕ್ಷಿಸುವ ಲೈಬ್ರರಿ ಪೈಡ್ಯಾಂಟಿಕ್ ಬಳಸುವವರು ಎರಡು ವಿಷಯ ಗಮನಿಸಿ. ಮಾಮೂಲಿ ರೀತಿಯಲ್ಲಿ ಅದು '1250' ನ್ನು ತಾನೇ 1250 ಮಾಡಿಕೊಳ್ಳುತ್ತದೆ, ತಿರಸ್ಕರಿಸಬೇಕಾದರೆ ಸ್ಟ್ರಿಕ್ಟ್ ಅಂತ ಹೇಳಬೇಕು. ಎರಡನೆಯದು, ಪರೀಕ್ಷೆ ಆಗುವುದು ಮಾಡೆಲ್ ಕಟ್ಟುವಾಗ. ಕಟ್ಟಿದ ಮೇಲೆ ಅದರೊಳಗಿನ ಲಿಸ್ಟ್‌ಗೆ ಅಪೆಂಡ್ ಮಾಡಿದರೆ ಯಾರೂ ನೋಡುವುದಿಲ್ಲ.

ಭಾಷೆಯೇ ಕಾವಲು ಕಾಯಲಿ ಅನ್ನುವುದಾದರೆ ಪೈಥಾನ್ ಜತೆಗೇ ಬರುವ ಅರೇ ಮಾಡ್ಯೂಲ್ ಇದೆ. 'q' (ಸಣ್ಣ ಅಕ್ಷರದ ಕ್ಯೂ) ಸಂಕೇತ ಕೊಟ್ಟು ಕಟ್ಟಿದರೆ 8 ಬೈಟಿನ ಪೂರ್ಣಾಂಕಗಳನ್ನು ಬಿಟ್ಟು ಬೇರೆ ಇಡುವುದಿಲ್ಲ. ಸ್ಟ್ರಿಂಗ್ ಬಂದರೂ 960.75 ಬಂದರೂ ಟೈಪ್‌ಎರರ್. ಬರೀ ಸಂಖ್ಯೆಯ ಲಿಸ್ಟ್ ಸಾಕಾದವರಿಗೆ ಇದು ಒಳ್ಳೆಯ ಆಯ್ಕೆ, ಯಾಕೋ ಜನ ಮರೆತಿದ್ದಾರೆ. ಸಂಖ್ಯೆಗಳ ಲೆಕ್ಕದ ಲೈಬ್ರರಿ ನಂಪೈ ಕೂಡ ಒಂದೇ ಟೈಪ್ ಇಡುತ್ತದೆ, ಆದರೆ ಎರರ್ ಕೊಡುವ ಬದಲು ಬದಲಿಸಿಕೊಳ್ಳುವುದು ಅದರ ಸ್ವಭಾವ. [850, '1250'] ಕೊಟ್ಟರೆ 850 ನ್ನೂ ಸ್ಟ್ರಿಂಗ್ ಮಾಡುತ್ತದೆ. ಪೂರ್ಣಾಂಕದ ಅರೇಯಲ್ಲಿ 960.75 ಬರೆದರೆ ಸದ್ದಿಲ್ಲದೆ 960 ಆಗುತ್ತದೆ. ಟೈಪ್ ಕಾಯಲು ಅದನ್ನು ನೆಚ್ಚಿಕೊಳ್ಳಬೇಡಿ.

ಹಳೆಯ ಡೇಟಾ

ಕೋಡ್ ಸರಿಯಾದ ಮೇಲೂ ತಪ್ಪು ಉತ್ತರ ಬರುತ್ತಿದ್ದರೆ ಡೇಟಾಬೇಸ್ ನೋಡಿ. ಎಸ್‌ಕ್ಯೂಲೈಟ್‌ನಲ್ಲಿ ಕಾಲಂಗೆ ಇಂಟಿಜರ್ ಅಂತ ಬರೆದಿದ್ದರೂ ಅದು ಪಠ್ಯವನ್ನು ಒಳಗೆ ಬಿಡುತ್ತದೆ. '1250' ಬಂದರೆ ಸಂಖ್ಯೆ ಮಾಡಿಕೊಳ್ಳುತ್ತದೆ, '೧೨೫೦' ನ್ನು ಪಠ್ಯವಾಗಿಯೇ ಇಡುತ್ತದೆ. ಅದರ ಕ್ರಮದಲ್ಲಿ ಪಠ್ಯ ಯಾವತ್ತೂ ಸಂಖ್ಯೆಗಿಂತ ದೊಡ್ಡದು, ಹಾಗಾಗಿ ಮ್ಯಾಕ್ಸ್ ಕೇಳಿದರೆ ಪಠ್ಯವೇ ಬರುತ್ತದೆ. ಸಮ್ ಕೇಳಿದರೆ ಅದೇ '೧೨೫೦' ಸೊನ್ನೆ ಅಂತ ಎಣಿಕೆಯಾಗುತ್ತದೆ. ಟೈಪ್‌ಆಫ್ ಅನ್ನುವ ಎಸ್‌ಕ್ಯೂಲೈಟ್ ಫಂಕ್ಷನ್ ಹಾಕಿ ಗ್ರೂಪ್ ಮಾಡಿ ನೋಡಿ, ಪೈಥಾನ್‌ನಲ್ಲಿ ಕೌಂಟರ್ ಮಾಡಿದ ಕೆಲಸವನ್ನೇ ಇಲ್ಲಿ ಅದು ಮಾಡುತ್ತದೆ. 2021 ರ 3.37 ಆವೃತ್ತಿಯಿಂದ ಸ್ಟ್ರಿಕ್ಟ್ ಟೇಬಲ್ ಇದೆ, ಅದರಲ್ಲಿ ಸಂಖ್ಯೆಯಾಗದ ಪಠ್ಯ ಬಂದರೆ ಎರರ್. ಇರುವ ಟೇಬಲ್‌ನ್ನು ಹಾಗೇ ಸ್ಟ್ರಿಕ್ಟ್ ಮಾಡಲು ಬರುವುದಿಲ್ಲ, ಹೊಸದು ಕಟ್ಟಿ "ದರ ಓದು" ಮೂಲಕ ಒಂದೊಂದು ಸಾಲನ್ನೂ ದಾಟಿಸಬೇಕು.

ದಾಟಿಸುವಾಗ 'ಇಲ್ಲ' ಅಂತ ಇರುವ ಸಾಲುಗಳಿಗೆ ಸೊನ್ನೆ ಹಾಕಬೇಡಿ. ಹೂವು ಬಾರದ ದಿನಕ್ಕೆ ಸೊನ್ನೆ ಹಾಕಿದರೆ ತಿಂಗಳ ಸರಾಸರಿ ಇಳಿಯುತ್ತದೆ, ಅತಿ ಕಡಿಮೆ ದರ ಸೊನ್ನೆ ಅಂತ ತೋರಿಸುತ್ತದೆ, ಬೆಳೆಗಾರರಿಗೆ ಆ ಲೆಕ್ಕ ತೋರಿಸಿದರೆ ಬೇಜಾರಾಗುವುದು ಖಂಡಿತ. ಆ ದಿನಕ್ಕೆ ನಲ್ (ಡೇಟಾಬೇಸ್‌ನ "ಬೆಲೆ ಇಲ್ಲ" ಗುರುತು, NULL) ಇಡಿ, ಪೈಥಾನ್‌ಗೆ ಓದುವಾಗ ಅಂಥ ದಿನಗಳ ತಾರೀಕನ್ನು ಬೇರೆ ಲಿಸ್ಟ್‌ಗೆ ಹಾಕಿ, "ದರಗಳು" ಲಿಸ್ಟ್‌ಗೆ ಇಂಟ್ ಮಾತ್ರ ಸೇರಲಿ.